ಮಾರಿದ ಮೇಲೂ ಬಿಡದ ಬೀಗ

ಸಾದರ್ ಪತ್ರಪ್ಪ ರಸ್ತೆ ಎಂದರೆ ಬೆಂಗಳೂರಿಗರಲ್ಲೇ ಹಲವರಿಗೆ ಗೊತ್ತಾಗುವುದಿಲ್ಲ. ಎಸ್.ಪಿ. ರಸ್ತೆ ಎಂದರೆ ತಕ್ಷಣ ಗೊತ್ತಾಗುತ್ತದೆ. ಪುರಭವನಕ್ಕೆ ಸಮೀಪದ ಈ ಇಕ್ಕಟ್ಟಾದ ರಸ್ತೆ ಮತ್ತು ಅದರ ಆಸುಪಾಸಿನ ಓಣಿಗಳಲ್ಲಿ ಹಳೆಯ ಲ್ಯಾಪ್‌ಟಾಪ್‌ಗಳ ವ್ಯಾಪಾರ ವರ್ಷವಿಡೀ ನಡೆಯುತ್ತದೆ. ದೆಹಲಿಯ ನೆಹರೂ ಪ್ಲೇಸ್, ಮುಂಬೈಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್‌ಗಳಲ್ಲೂ ಇದೇ ದೃಶ್ಯ. ಹೊಸ ಯಂತ್ರಕ್ಕೆ ಹಣ ಹೊಂದಿಸಲಾಗದ ವಿದ್ಯಾರ್ಥಿ, ತಾಲ್ಲೂಕು ಕೇಂದ್ರದಲ್ಲಿ ಡಿಟಿಪಿ ಅಂಗಡಿ ನಡೆಸುವವರು, ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುವ ಗುಮಾಸ್ತ, ಮಕ್ಕಳ ಓದಿಗೆಂದು ಒಂದು ಕಂಪ್ಯೂಟರು ಇರಲಿ ಎನ್ನುವ ಗೃಹಸ್ಥ, ಇವರೆಲ್ಲ ಇಲ್ಲಿಯ ಗಿರಾಕಿಗಳು. ಅವರು ಕೊಳ್ಳುವ ಯಂತ್ರಗಳಲ್ಲಿ ದೊಡ್ಡ ಪಾಲು ಒಂದು ಕಾಲದಲ್ಲಿ ಯಾವುದೋ ಕಂಪನಿಯ ನೌಕರರ ಮೇಜಿನ ಮೇಲಿದ್ದವು. ಕಂಪನಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ನೂರಾರು ಯಂತ್ರಗಳನ್ನು ಒಟ್ಟಿಗೆ ಲಾಟಿನಲ್ಲಿ ಮಾರುತ್ತವೆ. ಗಟ್ಟಿಮುಟ್ಟಾದ ಮೈಕಟ್ಟು, ಒಳ್ಳೆಯ ಕೀಲಿಮಣೆ, ಇನ್ನೂ ಐದಾರು ವರ್ಷ ದುಡಿಯಬಲ್ಲ ಪ್ರೊಸೆಸರ್ ಇರುವ ಯಂತ್ರ ಹೊಸದರ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುವುದು ಹೀಗೆ.

ಆದರೆ ಈ ಯಂತ್ರಗಳಲ್ಲಿ ಕೆಲವು, ಕೊಂಡ ಕೆಲವು ತಿಂಗಳ ಬಳಿಕ ತಮ್ಮ ಹಳೆಯ ಯಜಮಾನನನ್ನು ನೆನೆಸಿಕೊಳ್ಳುತ್ತವೆ. ವೈರಸ್ ಬಂತೆಂದೋ ನಿಧಾನವಾಯಿತೆಂದೋ ಎಲ್ಲವನ್ನೂ ಅಳಿಸಿ ವಿಂಡೋಸ್ ಅನ್ನು ಹೊಸದಾಗಿ ಸ್ಥಾಪಿಸಲು ಹೊರಟಾಗ, ಅಂತರಜಾಲದ ಸಂಪರ್ಕ ಸಿಕ್ಕ ಒಡನೆಯೇ ಪರದೆಯ ಮೇಲೆ ಅಪರಿಚಿತ ಕಂಪನಿಯೊಂದರ ಹೆಸರು ಮೂಡುತ್ತದೆ. ಆ ಕಂಪನಿಯ ಇ–ಮೇಲ್ ವಿಳಾಸವನ್ನೂ ಗುಪ್ತಪದವನ್ನೂ ನಮೂದಿಸುವಂತೆ ಕೇಳುತ್ತದೆ. ಮ್ಯಾಕ್‌ಬುಕ್ ಆದರೆ, ಈ ಯಂತ್ರ ಇಂಥ ಸಂಸ್ಥೆಯ ದೂರನಿರ್ವಹಣೆಯಲ್ಲಿದೆ ಎಂಬ ಸೂಚನೆ ಬರುತ್ತದೆ. ದುಡ್ಡು ಕೊಟ್ಟು ಕೊಂಡವರು ಆ ಕಂಪನಿಯ ನೌಕರರಲ್ಲ. ಅದರ ಹೆಸರನ್ನೂ ಅವರು ಹಿಂದೆ ಕೇಳಿಲ್ಲ. ಮುಂದಿನ ಹೆಜ್ಜೆಗೆ ದಾರಿಯೇ ಇಲ್ಲ.

ಇಂತಹ ಯಂತ್ರ ಕದ್ದದ್ದೇ ಇರಬೇಕೆಂದು ಅನುಮಾನಿಸುವವರಿದ್ದಾರೆ. ಕೆಲವು ಕದ್ದವು ಇರಲೂಬಹುದು. ಆದರೆ ಕಂಪನಿಯೇ ಬಿಲ್ ಮಾಡಿ, ತೆರಿಗೆ ಕಟ್ಟಿ, ಗೇಟ್ ಪಾಸ್ ಕೊಟ್ಟು ಕಳಿಸಿದ ಲಾಟಿನಲ್ಲೂ ಈ ಬೀಗ ಉಳಿದಿರುತ್ತದೆ ಎಂಬುದೇ ಇಲ್ಲಿನ ಸಂಗತಿ. ವಸ್ತು ಮಾರಾಟವಾಗಿದೆ, ಹಣ ಸಂದಾಯವಾಗಿದೆ. ಒಡೆತನದ ಒಂದು ಎಳೆ ಮಾತ್ರ ಮಾರಿದವರ ಕೈಯಲ್ಲೇ ಉಳಿದುಬಿಟ್ಟಿದೆ.

ಈ ಬೀಗದ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ನಾವು ಬಲ್ಲ ಬೀಗಗಳಿಗೂ ಇದಕ್ಕೂ ಸಂಬಂಧವಿಲ್ಲ. ಹಿಂದೆ ಕಚೇರಿಯ ಕಂಪ್ಯೂಟರಿಗೆ ಗುಪ್ತಪದವಿದ್ದರೆ ಅದು ಡಿಸ್ಕ್‌ನಲ್ಲಿರುತ್ತಿತ್ತು. ಡಿಸ್ಕ್ ಅಳಿಸಿದರೆ ಅಥವಾ ಬದಲಿಸಿದರೆ ಯಂತ್ರ ಹೊಸ ಹುಟ್ಟು ಪಡೆಯುತ್ತಿತ್ತು. ಈಗಿನ ಬೀಗ ಬಾಗಿಲಲ್ಲಿಲ್ಲ, ದೂರದ ಚಾವಡಿಯ ಕಡತದಲ್ಲಿದೆ. ಆ್ಯಪಲ್ ಸಂಸ್ಥೆ 2014ರಲ್ಲಿ ಕಂಪನಿಗಳಿಗೂ ಶಾಲೆಗಳಿಗೂ ಸಾಧನ ನೋಂದಣಿಯ ಯೋಜನೆಯೊಂದನ್ನು ಆರಂಭಿಸಿತು. 2018ರಲ್ಲಿ ಬಂದ ಆ್ಯಪಲ್ ಬಿಸಿನೆಸ್ ಮ್ಯಾನೇಜರ್ ಅದರ ಮುಂದುವರಿಕೆ. ಮೈಕ್ರೊಸಾಫ್ಟ್ 2017ರಲ್ಲಿ ವಿಂಡೋಸ್ ಆಟೊಪೈಲಟ್ ಎಂಬ ವ್ಯವಸ್ಥೆಯನ್ನು ತಂದಿತು. ಎರಡರ ತತ್ತ್ವವೂ ಒಂದೇ. ಕಂಪನಿ ಯಂತ್ರವನ್ನು ಕೊಂಡಾಗಲೇ ಅದರ ಗುರುತು ತಯಾರಕರ ಸರ್ವರ್‌ನಲ್ಲಿ ಆ ಕಂಪನಿಯ ಹೆಸರಿಗೆ ದಾಖಲಾಗುತ್ತದೆ. ಆ್ಯಪಲ್‌ನಲ್ಲಿ ಅದು ಸರಣಿ ಸಂಖ್ಯೆ. ಆಟೊಪೈಲಟ್‌ನಲ್ಲಿ ಯಂತ್ರದ ಬಿಡಿಭಾಗಗಳ ವಿವರಗಳಿಂದ ಹೆಣೆದ ಉದ್ದನೆಯ ಸಂಕೇತ. ಯಂತ್ರ ಮೊದಲ ಬಾರಿ ಅಥವಾ ಅಳಿಸಿದ ಬಳಿಕ ಅಂತರಜಾಲಕ್ಕೆ ತೆರೆದುಕೊಂಡಾಗ ‘ನಾನು ಯಾರವನು?’ ಎಂದು ಸರ್ವರನ್ನು ಕೇಳುತ್ತದೆ. ಸರ್ವರ್ ಕಡತ ನೋಡಿ ಹೆಸರು ಹೇಳುತ್ತದೆ. ಡಿಸ್ಕ್ ಬದಲಿಸಿದರೂ ಆ ಉತ್ತರ ಬದಲಾಗುವುದಿಲ್ಲ, ವಿಂಡೋಸ್ ಅನ್ನು ಹತ್ತು ಸಲ ಹಾಕಿದರೂ ಬದಲಾಗುವುದಿಲ್ಲ. ಗುರುತು ಇರುವುದು ಮದರ್‌ಬೋರ್ಡ್‌ನಲ್ಲಿ. ಹಳೆಯ ಲ್ಯಾಪ್‌ಟಾಪಿಗೆ ಹೊಸ ಮದರ್‌ಬೋರ್ಡ್ ಹಾಕಿಸುವುದು, ಕೊಡೆ ರಿಪೇರಿಗೆ ಹೋದವರು ಹೊಸ ಕೊಡೆಯನ್ನೇ ಕೊಂಡಂತೆ.

ಇದಲ್ಲದೆ ಬೇರೆ ಬೀಗಗಳೂ ಇವೆ. ಯಂತ್ರ ಏಳುವ ಮೊದಲ ಕ್ಷಣದಲ್ಲೇ ಅಡ್ಡ ನಿಲ್ಲುವ ಬಯಾಸ್ ಗುಪ್ತಪದ ಅವುಗಳಲ್ಲಿ ಹಳೆಯದು. ಥಿಂಕ್‌ಪ್ಯಾಡ್ ಯಂತ್ರಗಳ ಮೇಲ್ವಿಚಾರಕ ಗುಪ್ತಪದ ಮರೆತುಹೋದರೆ ಮದರ್‌ಬೋರ್ಡ್ ಬದಲಿಸುವುದೇ ದಾರಿ ಎಂದು ತಯಾರಕರ ಕೈಪಿಡಿಯೇ ಹೇಳುತ್ತದೆ. ಕೆನಡಾದ ಅಬ್ಸೊಲ್ಯೂಟ್ ಸಂಸ್ಥೆಯ ಪತ್ತೆ ತಂತ್ರಾಂಶ ಹಲವು ತಯಾರಕರ ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್‌ನಲ್ಲೇ ನೆಲೆಸಿದ್ದು, ಡಿಸ್ಕ್ ಬದಲಿಸಿದರೂ ಮತ್ತೆ ತಲೆಯೆತ್ತುವಂತೆ ರಚಿತವಾಗಿದೆ. 2018ರಿಂದೀಚಿನ ಮ್ಯಾಕ್‌ಬುಕ್‌ಗಳಲ್ಲಿ ಭದ್ರತೆಗೆಂದೇ ಇರುವ ಚಿಪ್‌ನ ನೆರವಿನಿಂದ, 2019ರಲ್ಲಿ ಬಂದ ಮ್ಯಾಕ್‌ಓಎಸ್ ಕ್ಯಾಟಲಿನಾ ಆವೃತ್ತಿಯೊಡನೆ, ಐಫೋನಿನಲ್ಲಿದ್ದ ಆ್ಯಕ್ಟಿವೇಷನ್ ಲಾಕ್ ಕೂಡ ಬಂದು ಸೇರಿತು. ಒಂದು ಯಂತ್ರಕ್ಕೆ ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಇರುವುದೂ ಉಂಟು.

ಬೀಗ ಕಣ್ಣೆದುರೇ ಇದ್ದರೆ ಕೊಳ್ಳುವವರು ಎಚ್ಚರವಾಗುತ್ತಾರೆ. ನಿಜವಾದ ತೊಂದರೆ ಇರುವುದು ನಿದ್ರಿಸುವ ಬೀಗದಲ್ಲಿ. ಅಂತರಜಾಲದ ಸಂಪರ್ಕ ಕೊಡದೆ ಯಂತ್ರವನ್ನು ಸಿದ್ಧಗೊಳಿಸಿದರೆ, ಅಥವಾ ಕಚೇರಿ ಬಳಕೆಯದಲ್ಲದ ವಿಂಡೋಸ್ ಆವೃತ್ತಿಯನ್ನು ಹಾಕಿದರೆ, ಆಟೊಪೈಲಟ್ ಸುಮ್ಮನಿರುತ್ತದೆ. ಅಂಗಡಿಯಲ್ಲಿ ಯಂತ್ರ ಸೊಗಸಾಗಿ ಓಡುತ್ತದೆ, ಗಿರಾಕಿ ತೃಪ್ತಿಯಿಂದ ಮನೆಗೆ ಒಯ್ಯುತ್ತಾನೆ. ಮುಂದೆಂದೋ ಅಳಿಸಿ ಸ್ಥಾಪಿಸುವ ದಿನ ಅದು ಎಚ್ಚರಗೊಳ್ಳುತ್ತದೆ. ಆ ಹೊತ್ತಿಗೆ ಅಂಗಡಿಯ ಆರು ತಿಂಗಳ ಖಾತರಿ ಮುಗಿದಿರುತ್ತದೆ. ಇನ್ನೂ ಗಂಭೀರವಾದ ಸಂಗತಿಯೊಂದಿದೆ. ಬೀಗವನ್ನು ಬಿಡಿಸದೆ, ಹಳೆಯ ಕಂಪನಿಯ ನಿರ್ವಹಣಾ ತಂತ್ರಾಂಶವನ್ನೂ ತೆಗೆಯದೆ ಮೇಲ್ಮೇಲೆ ಸರಿಪಡಿಸಿ ಮಾರಿದ ಯಂತ್ರ ಇನ್ನೂ ಆ ಕಂಪನಿಯ ಆಜ್ಞೆಯನ್ನು ಪಾಲಿಸಬಲ್ಲದು. ಅಲ್ಲಿ ಕುಳಿತ ನಿರ್ವಾಹಕ ತನ್ನ ಪಟ್ಟಿಯನ್ನು ಚೊಕ್ಕ ಮಾಡುವ ಭರದಲ್ಲಿ ‘ದೂರದಿಂದ ಅಳಿಸು’ ಎಂಬ ಗುಂಡಿಯೊತ್ತಿದರೆ, ಇಲ್ಲಿ ಯಾರದೋ ಪ್ರಬಂಧ, ಯಾರದೋ ಮದುವೆಯ ಚಿತ್ರಗಳು, ಯಾರದೋ ವರ್ಷದ ಲೆಕ್ಕ ಅಳಿದುಹೋಗುತ್ತವೆ. ಅವನಿಗೆ ಅದು ಗೊತ್ತೂ ಆಗುವುದಿಲ್ಲ.

ಹಾಗಾದರೆ ಈ ಬೀಗವೇ ಬೇಡವೆನ್ನಬೇಕೆ? ಬೇಡವೆನ್ನಲಾಗದು. ಬೀಗ ಹುಟ್ಟಿದ್ದು ಸಕಾರಣವಾಗಿಯೇ. ಐಫೋನಿಗೆ 2013ರಲ್ಲಿ ಆ್ಯಕ್ಟಿವೇಷನ್ ಲಾಕ್ ಬಂದ ಬಳಿಕದ ಒಂದು ವರ್ಷದಲ್ಲಿ ಕದ್ದ ಐಫೋನುಗಳ ಸಂಖ್ಯೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶೇ 40ರಷ್ಟು, ನ್ಯೂಯಾರ್ಕಿನಲ್ಲಿ ಶೇ 25ರಷ್ಟು ಇಳಿಯಿತೆಂದು ಅಲ್ಲಿನ ಅಧಿಕಾರಿಗಳು 2015ರಲ್ಲಿ ಹೇಳಿದರು. ಕದ್ದು ಮಾರಲಾಗದ ವಸ್ತುವನ್ನು ಕಳ್ಳ ಏಕೆ ಕದ್ದಾನು? ಲ್ಯಾಪ್‌ಟಾಪಿಗೂ ಇದೇ ಮಾತು ಸಲ್ಲುತ್ತದೆ. 2020ರ ಬಳಿಕ ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಬಂದು, ಕಂಪನಿಯ ಯಂತ್ರಗಳು ಊರೂರಿನ ಮನೆಗಳಿಗೆ ಕೊರಿಯರ್ ಆದ ಮೇಲೆ ಹಿಡಿತದ ಅಗತ್ಯ ಇನ್ನಷ್ಟು ಹೆಚ್ಚಿತು. ಒಪ್ಪಿಸದೆ ಹೋದ ಯಂತ್ರವನ್ನು ನಿಷ್ಪ್ರಯೋಜಕಗೊಳಿಸುವ ಹಕ್ಕು ಕಂಪನಿಗೆ ಇರಲೇಬೇಕು.

ದತ್ತಾಂಶದ ಭಯವೂ ಸುಳ್ಳಲ್ಲ. ಅಮೆರಿಕದ ಎಂಐಟಿಯ ಇಬ್ಬರು ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಕ್ಷೇತ್ರದಲ್ಲಿ ಇಂದಿಗೂ ನೆನಪಾಗುತ್ತದೆ. ಅವರು ಕೊಂಡ 158 ಹಳೆಯ ಹಾರ್ಡ್ ಡಿಸ್ಕ್‌ಗಳಲ್ಲಿ ಕೆಲಸ ಮಾಡುತ್ತಿದ್ದವು 129. ಅವುಗಳಲ್ಲಿ ಸರಿಯಾಗಿ ಅಳಿಸಿದ್ದವು ಕೇವಲ 12. ಉಳಿದವುಗಳಿಂದ ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಹೊರಬಿದ್ದವು. ಅದಾದ ಎಷ್ಟೋ ವರ್ಷಗಳ ಮೇಲೆ, ಬುದ್ಧಿ ಕಲಿತಿರಬೇಕಾದವರೂ ಕಲಿತಿರಲಿಲ್ಲ. ಮಾರ್ಗನ್ ಸ್ಟ್ಯಾನ್ಲಿಯಂತಹ ಹಣಕಾಸು ಸಂಸ್ಥೆ ತನ್ನ ಹಳೆಯ ಸರ್ವರ್ ಮತ್ತು ಡಿಸ್ಕ್‌ಗಳ ವಿಲೇವಾರಿಯನ್ನು ದತ್ತಾಂಶ ನಾಶದ ಅನುಭವವೇ ಇಲ್ಲದ, ಸಾಮಾನು ಸಾಗಿಸುವ ಕಂಪನಿಯೊಂದಕ್ಕೆ ಒಪ್ಪಿಸಿತ್ತು. ಗ್ರಾಹಕರ ವಿವರಗಳಿದ್ದ ಕೆಲವು ಸಾಧನಗಳು ಕೊನೆಗೆ ಅಂತರಜಾಲದ ಹರಾಜಿನಲ್ಲಿ ಬಿಕರಿಯಾದವು. ಬ್ಯಾಂಕಿಂಗ್ ನಿಯಂತ್ರಕರು 2020ರಲ್ಲಿ 6 ಕೋಟಿ ಡಾಲರ್, ಷೇರು ಮಾರುಕಟ್ಟೆಯ ನಿಯಂತ್ರಕರು 2022ರಲ್ಲಿ 3.5 ಕೋಟಿ ಡಾಲರ್ ದಂಡ ಹಾಕಿದರು. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸುರಕ್ಷತೆಯ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸುವ ಅವಕಾಶ ನೀಡಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಕಂಪನಿಗಳು ನಡುಗುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಇಲ್ಲೊಂದು ಗೊಂದಲವಿದೆ. ದತ್ತಾಂಶವನ್ನು ಅಳಿಸುವುದು ಒಂದು, ನೋಂದಣಿಯನ್ನು ಬಿಡುವುದು ಇನ್ನೊಂದು. ಡಿಸ್ಕ್ ಪೂರ್ತಿ ಅಳಿಸಿದ ಮೇಲೆ, ಅಥವಾ ಡಿಸ್ಕನ್ನೇ ಕಿತ್ತು ಪುಡಿ ಮಾಡಿದ ಮೇಲೆ, ಸರ್ವರ್‌ನಲ್ಲಿ ಉಳಿದ ಹೆಸರಿನಿಂದ ಒಂದಿಷ್ಟೂ ರಹಸ್ಯ ಕಾಪಾಡಿದಂತಾಗುವುದಿಲ್ಲ. ಮಾರಿದ ಮನೆಯ ಬೀಗದ ಕೈಯನ್ನು ಕಿಸೆಯಲ್ಲೇ ಇಟ್ಟುಕೊಂಡರೆ ನಮ್ಮ ತಿಜೋರಿ ಭದ್ರವಾಗುವುದಿಲ್ಲ. ತಿಜೋರಿ ಆ ಮನೆಯಲ್ಲಿ ಇಲ್ಲವೇ ಇಲ್ಲ. ಬಿಡುಗಡೆ ಕಷ್ಟದ ಕೆಲಸವೂ ಅಲ್ಲ. ಕಂಪನಿಯ ನಿರ್ವಾಹಕ ತನ್ನ ಪರದೆಯಲ್ಲಿ ಸರಣಿ ಸಂಖ್ಯೆಗಳ ಪಟ್ಟಿಯನ್ನು ಆರಿಸಿ ‘ಬಿಡುಗಡೆ’ ಎಂಬ ಆದೇಶ ಕೊಟ್ಟರೆ ಮುಗಿಯಿತು. ನೂರು ಯಂತ್ರಗಳಿಗೂ ಒಂದು ಮಧ್ಯಾಹ್ನದ ಕೆಲಸ. ಯಂತ್ರವನ್ನು ಮಾರುವ ಮುನ್ನ ಆಟೊಪೈಲಟ್ ನೋಂದಣಿಯನ್ನು ತೆಗೆದುಹಾಕಬೇಕೆಂದು ಮೈಕ್ರೊಸಾಫ್ಟ್‌ನ ಮಾರ್ಗಸೂಚಿಯಲ್ಲೇ ಇದೆ.

ಹಾಗಿದ್ದೂ ಅದು ಆಗುವುದಿಲ್ಲ. ಕಾರಣ ದುರುದ್ದೇಶವಲ್ಲ, ಯಾರ ಕೆಲಸವೂ ಅಲ್ಲದಿರುವುದು. ಕಂಪನಿ ಕಾಯ್ದೆ 2013ರ ಎರಡನೆಯ ಪರಿಶಿಷ್ಟದ ಪ್ರಕಾರ ಲ್ಯಾಪ್‌ಟಾಪಿನ ಉಪಯುಕ್ತ ಆಯುಷ್ಯ 3 ವರ್ಷ. ಅಷ್ಟಾದ ಮೇಲೆ ಲೆಕ್ಕಪುಸ್ತಕದಲ್ಲಿ ಅದರ ಬೆಲೆ ಸೊನ್ನೆಗೆ ಹತ್ತಿರ. ಸೊನ್ನೆ ಬೆಲೆಯ ವಸ್ತುವಿನ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಯಾರೂ ಇಲ್ಲ. ಮಾರುವುದು ಆಡಳಿತ ವಿಭಾಗ, ಸಾಗಿಸುವುದು ಗುತ್ತಿಗೆದಾರ, ಅಳಿಸುವುದು ಹೊರಗಿನ ವಿಲೇವಾರಿ ಸಂಸ್ಥೆ, ನೋಂದಣಿಯ ಪರದೆ ಇರುವುದು ಐಟಿ ವಿಭಾಗದ ಒಬ್ಬಿಬ್ಬರ ಬಳಿ. ಬಹುರಾಷ್ಟ್ರೀಯ ಕಂಪನಿಯಾದರೆ ಆ ಒಬ್ಬಿಬ್ಬರು ಇನ್ನೊಂದು ಖಂಡದಲ್ಲಿರಬಹುದು. ಡಿಸ್ಕ್ ನಾಶವಾಯಿತೆಂಬ ಪ್ರಮಾಣಪತ್ರವನ್ನು ಲೆಕ್ಕ ಪರಿಶೋಧಕರು ಕೇಳುತ್ತಾರೆ. ನೋಂದಣಿ ಬಿಟ್ಟಿರೆಂಬ ಪತ್ರವನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದುದನ್ನು ಕಚೇರಿಗಳು ಮಾಡುವುದಿಲ್ಲ. ಇದು ಸರ್ಕಾರಿ ಕಚೇರಿಗಳಿಗೆ ಮಾತ್ರ ಅನ್ವಯಿಸುವ ಮಾತಲ್ಲ.

ಮಾರಿದ ಕಂಪನಿ ಮುಚ್ಚಿಹೋದರೆ ಏನು ಗತಿ? ಬೆಂಗಳೂರಿನಂತಹ ನಗರದಲ್ಲಿ ಇದು ಕಲ್ಪನೆಯ ಪ್ರಶ್ನೆಯಲ್ಲ. ಇಲ್ಲಿ ನವೋದ್ಯಮಗಳು ಹುಟ್ಟುವಷ್ಟೇ ವೇಗವಾಗಿ ಕಣ್ಮುಚ್ಚುತ್ತವೆ. ಕೊನೆಯ ತಿಂಗಳ ಸಂಬಳಕ್ಕೇ ಪರದಾಡುವ ಸಂಸ್ಥೆ ಮೇಜು, ಕುರ್ಚಿ, ಕಾಫಿ ಯಂತ್ರಗಳೊಡನೆ ಲ್ಯಾಪ್‌ಟಾಪ್‌ಗಳನ್ನೂ ಸಿಕ್ಕ ಬೆಲೆಗೆ ಮಾರುತ್ತದೆ. ನಿರ್ವಾಹಕ ಬೇರೆ ಕೆಲಸ ಹಿಡಿದಿರುತ್ತಾನೆ, ಇ–ಮೇಲ್ ಖಾತೆಗಳು ಸತ್ತಿರುತ್ತವೆ. ಸರ್ವರ್‌ನ ಕಡತದಲ್ಲಿ ಮಾತ್ರ ಆ ಕಂಪನಿ ಬದುಕಿರುತ್ತದೆ, ತನ್ನ ಯಂತ್ರಗಳಿಗೆ ಯಜಮಾನನಾಗಿ. ತಯಾರಕರನ್ನು ಕೇಳಿದರೆ ಹಿಂದಿನ ಮಾಲೀಕರನ್ನೇ ಕೇಳಿ ಎನ್ನುತ್ತಾರೆ. ಖರೀದಿಯ ಮೂಲ ದಾಖಲೆ ತೋರಿಸಿದರೆ ಆ್ಯಕ್ಟಿವೇಷನ್ ಲಾಕ್ ತೆಗೆಯುವಂತೆ ಆ್ಯಪಲ್‌ಗೆ ಮನವಿ ಸಲ್ಲಿಸಲು ಅವಕಾಶವಿದೆ. ಆದರೆ ಉದ್ಯಮ ಅಥವಾ ಶಿಕ್ಷಣ ಸಂಸ್ಥೆಯ ನಿರ್ವಹಣೆಯಲ್ಲಿರುವ ಸಾಧನಕ್ಕೆ ಆ ಅವಕಾಶವಿಲ್ಲ ಎಂಬ ಷರತ್ತೂ ಅಲ್ಲೇ ಇದೆ.

ನಮ್ಮ ಕಾನೂನು ಈ ವಿಷಯದಲ್ಲಿ ಮೂಕವಾಗಿದೆ ಎಂದುಕೊಳ್ಳುವವರು 1930ರ ಸರಕು ಮಾರಾಟ ಕಾಯ್ದೆಯನ್ನು ಓದಬೇಕು. ಅದರ 14ನೆಯ ಕಲಮು ಮೂರು ಮಾತುಗಳನ್ನು ಹೇಳುತ್ತದೆ. ಮಾರುವವರಿಗೆ ಮಾರುವ ಹಕ್ಕಿರಬೇಕು. ಕೊಂಡವರು ಆ ಸರಕನ್ನು ಯಾರ ಅಡ್ಡಿಯೂ ಇಲ್ಲದೆ ಅನುಭವಿಸುವಂತಿರಬೇಕು. ಕೊಳ್ಳುವಾಗ ತಿಳಿಸದ ಯಾವ ಮೂರನೆಯವರ ಋಣಭಾರವೂ ಸರಕಿನ ಮೇಲೆ ಇರಬಾರದು. ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಇವುಗಳನ್ನು ಬರೆಯದಿದ್ದರೂ ಬರೆದಂತೆಯೇ ಲೆಕ್ಕ. ಕಾಯ್ದೆ ಬರೆದವರ ಕಣ್ಣಮುಂದೆ ಇದ್ದವು ಅಕ್ಕಿಮೂಟೆ, ಹತ್ತಿಬೇಲು, ಹೊಲಿಗೆ ಯಂತ್ರಗಳು. ಆದರೂ ದೂರದ ಸರ್ವರ್‌ನಲ್ಲಿ ಉಳಿದ ಹೆಸರನ್ನು ಬಣ್ಣಿಸಲು ‘ಋಣಭಾರ’ಕ್ಕಿಂತ ಒಳ್ಳೆಯ ಪದ ಸಿಗಲಾರದು. ನಿವೇಶನ ಕೊಳ್ಳುವಾಗ ಉಪನೋಂದಣಾಧಿಕಾರಿಯ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ತೆಗೆಸದೆ ಮುಂಗಡ ಕೊಡುವ ಮಧ್ಯಮ ವರ್ಗದ ಕನ್ನಡಿಗರು ಯಾರಾದರೂ ಇದ್ದಾರೆಯೇ? ಸಾಲದ ಮೇಲೆ ಕೊಂಡ ಸ್ಕೂಟರನ್ನು ಮಾರುವಾಗಲೂ ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ ತಂದು, ನೋಂದಣಿ ಪುಸ್ತಕದಿಂದ ಬ್ಯಾಂಕಿನ ಹೆಸರು ತೆಗೆಸುತ್ತೇವೆ. ಹಳೆಯ ಸ್ಕೂಟರಿಗೆ ಇರುವ ಈ ಶಿಸ್ತು ಅದಕ್ಕಿಂತ ಹೆಚ್ಚು ಬೆಲೆಬಾಳುವ ಲ್ಯಾಪ್‌ಟಾಪಿಗೆ ಇಲ್ಲ.

ಕಾನೂನಿನ ಇನ್ನೊಂದು ತೊಡಕನ್ನೂ ಗಮನಿಸಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೆಯ ಕಲಮು, ಕಂಪ್ಯೂಟರಿನ ಮಾಲೀಕರ ‘ಅಥವಾ ಅದರ ಉಸ್ತುವಾರಿ ಹೊತ್ತವರ’ ಅನುಮತಿಯಿಲ್ಲದೆ ಅದನ್ನು ಪ್ರವೇಶಿಸುವುದನ್ನೂ ಅದರ ದತ್ತಾಂಶ ಅಳಿಸುವುದನ್ನೂ ತಪ್ಪೆನ್ನುತ್ತದೆ. ಬೀಗವುಳಿದ ಯಂತ್ರದ ಮಾಲೀಕರು ಕೊಂಡವರು. ಉಸ್ತುವಾರಿ ಮಾತ್ರ ಮಾರಿದವರ ಸರ್ವರ್‌ನದು. ಬೀಗ ತಪ್ಪಿಸಿ ಒಳಹೊಕ್ಕ ಖರೀದಿದಾರರು ಅತಿಕ್ರಮಿಗಳೆ? ಮಾರಿಬಿಟ್ಟ ಯಂತ್ರವನ್ನು ದೂರದಿಂದ ಅಳಿಸಿದ ಕಂಪನಿ ಅತಿಕ್ರಮಿಯೆ? ನನ್ನ ದೃಷ್ಟಿಯಲ್ಲಿ ಎರಡನೆಯದೇ ಅತಿಕ್ರಮಣ. ಆದರೆ ಹದಿನೈದು ಸಾವಿರ ರೂಪಾಯಿಯ ಯಂತ್ರಕ್ಕಾಗಿ ಈ ಪ್ರಶ್ನೆಯನ್ನು ನ್ಯಾಯಾಲಯದವರೆಗೆ ಒಯ್ಯುವವರು ಯಾರು? ಗ್ರಾಹಕರ ಆಯೋಗದ ಬಾಗಿಲು ಇದೆ ನಿಜ. ಅಲ್ಲಿಗೆ ಹೋಗಲು ಸರಿಯಾದ ಬಿಲ್ ಬೇಕು. ಹಳೆಯ ಸಾಮಾನಿನ ಪೇಟೆಯಲ್ಲಿ ನೂರು ರೂಪಾಯಿ ಉಳಿಸುವ ಆಸೆಗೆ ನಾವು ಮೊದಲು ಬಿಟ್ಟುಕೊಡುವುದೇ ಬಿಲ್ಲನ್ನು.

ಬಿಡುಗಡೆಯಾಗದ ಯಂತ್ರಗಳ ಗತಿ ಕೊನೆಗೆ ಏನಾಗುತ್ತದೆ? ಪರದೆ, ಬ್ಯಾಟರಿ, ಮೆಮೊರಿ, ಕೀಲಿಮಣೆಗಳನ್ನು ಬಿಚ್ಚಿ ಬಿಡಿಯಾಗಿ ಮಾರುತ್ತಾರೆ. ದೇಹ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಅಮೆರಿಕದ ಕೊಲರಾಡೊ ರಾಜ್ಯದ ಮರುಬಳಕೆ ಸಂಸ್ಥೆಯೊಂದಕ್ಕೆ 2015ರಿಂದ 2018ರ ನಡುವೆ ಜನ ದಾನವಾಗಿ ಕೊಟ್ಟ ಐಫೋನುಗಳ ಪೈಕಿ, ಬಳಸಲು ಯೋಗ್ಯವಾಗಿದ್ದರೂ ಬೀಗದಿಂದಾಗಿ ಕೆಲಸಕ್ಕೆ ಬಾರದೆ ಹೋದವು 66,000ಕ್ಕೂ ಹೆಚ್ಚು. ಕೊಟ್ಟವರು ಕಳ್ಳರಲ್ಲ, ಬೀಗ ತೆಗೆಯಲು ಮರೆತ ದಾನಿಗಳು. 2022ರಲ್ಲಿ ಜಗತ್ತು ಸೃಷ್ಟಿಸಿದ ಇ–ತ್ಯಾಜ್ಯ 6.2 ಕೋಟಿ ಟನ್ ಎಂದೂ ಅದರಲ್ಲಿ ವಿಧಿವತ್ತಾಗಿ ಸಂಗ್ರಹವಾಗಿ ಮರುಸಂಸ್ಕರಣೆಗೊಂಡದ್ದು ಶೇ 22.3 ಮಾತ್ರವೆಂದೂ ವಿಶ್ವಸಂಸ್ಥೆಯ 2024ರ ವರದಿ ಹೇಳುತ್ತದೆ. ಲ್ಯಾಪ್‌ಟಾಪ್ ತನ್ನ ಬಾಳಿನುದ್ದಕ್ಕೂ ಉಂಟುಮಾಡುವ ಇಂಗಾಲದ ಬಹುಪಾಲು ಅದರ ತಯಾರಿಕೆಯ ಹಂತದಲ್ಲೇ ಆಗಿಹೋಗಿರುತ್ತದೆ. ನಾವು ಕಟ್ಟುವ ವಿದ್ಯುತ್ ಬಿಲ್ಲಿನ ಪಾಲು ಸಣ್ಣದು. ಆದ್ದರಿಂದ ನಾಲ್ಕು ವರ್ಷಕ್ಕೆ ಪುಡಿಯಾಗಲಿದ್ದ ಯಂತ್ರವನ್ನು ಒಂಬತ್ತು ವರ್ಷ ದುಡಿಸುವುದಕ್ಕಿಂತ ದೊಡ್ಡ ಮರುಸಂಸ್ಕರಣೆ ಇನ್ನೊಂದಿಲ್ಲ. ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ 2005ರಲ್ಲೇ ಇ–ಪರಿಸರ ಎಂಬ ಮರುಸಂಸ್ಕರಣಾ ಘಟಕ ಆರಂಭವಾಗಿ ದೇಶಕ್ಕೇ ಮೇಲ್ಪಂಕ್ತಿ ಹಾಕಿತು. ಅಲ್ಲಿ ತಾಮ್ರ, ಚಿನ್ನಗಳನ್ನು ಬೇರ್ಪಡಿಸಬಹುದು. ಕೆಲಸ ಮಾಡುತ್ತಿದ್ದ ಯಂತ್ರವನ್ನು ಹಿಂದಕ್ಕೆ ಪಡೆಯಲಾಗದು.

ಇದು ಮುಂದೂಡಬಹುದಾದ ಮಾತೂ ಅಲ್ಲ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಷರತ್ತುಗಳಿಗೆ ಹೊಂದದ ಯಂತ್ರಗಳನ್ನು ಕಚೇರಿಗಳು ಹೊರಹಾಕುತ್ತಿವೆ. ಅವುಗಳಲ್ಲಿ ಎಷ್ಟೋ ಯಂತ್ರಗಳಿಗೆ ಲಿನಕ್ಸ್ ಹಾಕಿದರೆ ಚೆನ್ನಾಗಿಯೇ ಓಡುತ್ತವೆ. ಆಟೊಪೈಲಟ್‌ನ ಕಾಟವೂ ಇರುವುದಿಲ್ಲ, ಏಕೆಂದರೆ ಆ ಪ್ರಶ್ನೆ ಕೇಳುವುದು ವಿಂಡೋಸ್ ಮಾತ್ರ. ಸ್ವತಂತ್ರ ತಂತ್ರಾಂಶದ ಅಭಿಮಾನಿಗಳು ಇದನ್ನೇ ಪರಿಹಾರವೆನ್ನುತ್ತಾರೆ. ಶಾಲೆಗೆ, ಗ್ರಂಥಾಲಯಕ್ಕೆ ಒಳ್ಳೆಯ ಪರಿಹಾರವೇ ಸರಿ. ಆದರೆ ಲೆಕ್ಕ ಬರೆಯುವ ಗುಮಾಸ್ತರಿಗೆ ಬೇಕಾದ, ಬೆಂಗಳೂರಿನಲ್ಲೇ ಸಿದ್ಧವಾಗುವ ಟ್ಯಾಲಿ ವಿಂಡೋಸ್‌ಗೆಂದು ರಚಿತವಾದದ್ದು. ಡಿಟಿಪಿ ಅಂಗಡಿಯವರು ನೆಚ್ಚಿಕೊಂಡ ನುಡಿ, ಬರಹಗಳು ಬೆಳೆದದ್ದೂ ವಿಂಡೋಸ್‌ನ ಆಸರೆಯಲ್ಲೇ. ಬಯಾಸ್‌ಗೇ ಗುಪ್ತಪದವಿದ್ದರಂತೂ ಲಿನಕ್ಸ್ ಹಾಕಲೂ ಎಡೆಯಿಲ್ಲ.

ನಮ್ಮ ಇ–ತ್ಯಾಜ್ಯ ನಿಯಮಗಳು ಈ ಬೀಗವನ್ನು ಕಂಡೇ ಇಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ 2022ರ ನಿಯಮಗಳು, ವರ್ಷದಲ್ಲಿ ಯಾವುದೇ ಸಮಯದಲ್ಲಿ ಒಂದು ಸಾವಿರ ಉಪಕರಣಗಳನ್ನಾದರೂ ಬಳಸಿದ ಸಂಸ್ಥೆಯನ್ನು ಸಗಟು ಬಳಕೆದಾರ ಎಂದು ಗುರುತಿಸಿ, ತ್ಯಾಜ್ಯವನ್ನು ನೋಂದಾಯಿತ ತಯಾರಕರು, ನವೀಕರಣಕಾರರು ಅಥವಾ ಮರುಸಂಸ್ಕರಣಕಾರರಿಗೇ ಒಪ್ಪಿಸಬೇಕೆನ್ನುತ್ತವೆ. ಹಳೆಯ ಉಪಕರಣವನ್ನು ಸರಿಪಡಿಸಿ ಬಾಳಿಕೆ ಹೆಚ್ಚಿಸುವವರಿಗೆ ನವೀಕರಣ ಪ್ರಮಾಣಪತ್ರದ ಏರ್ಪಾಡೂ ಇದೆ. ಉದ್ದೇಶ ಒಳ್ಳೆಯದೇ. ಆದರೆ ನಿಯಮ ಅಳೆಯುವುದು ತೂಕವನ್ನು. ನೂರು ಲ್ಯಾಪ್‌ಟಾಪ್ ಕೊಟ್ಟರೆ ಇಷ್ಟು ಕಿಲೋ ಎಂದು ದಾಖಲಾಗುತ್ತದೆ. ಅವು ಮರುಬಳಕೆಗೆ ಯೋಗ್ಯವಾಗಿ ಬಂದವೋ ಬೀಗ ಹೊತ್ತು ಬಂದವೋ ಎಂಬ ಅಂಕಣವಿಲ್ಲ. ಬೀಗವಿದ್ದ ಯಂತ್ರವನ್ನು ಪುಡಿ ಮಾಡಿದರೂ ಕಂಪನಿಯ ಕಾಗದ ಚೊಕ್ಕ, ವಾರ್ಷಿಕ ವರದಿಯ ಪರಿಸರ ಪುಟದಲ್ಲಿ ಹಸಿರು ಎಲೆಯ ಚಿತ್ರವೂ ಚೊಕ್ಕ.

ಮೊಬೈಲ್ ಫೋನಿನ ವಿಷಯದಲ್ಲಿ ಸರ್ಕಾರ ಇದಕ್ಕಿಂತ ಜಾಣತನ ತೋರಿಸಿದೆ. 2023ರ ಮೇ ತಿಂಗಳಲ್ಲಿ ಬಂದ ಸಂಚಾರ ಸಾಥಿ ವ್ಯವಸ್ಥೆಯಲ್ಲಿ, ಹಳೆಯ ಫೋನ್ ಕೊಳ್ಳುವವರು ಅದರ ಐಎಂಇಐ ಸಂಖ್ಯೆಯನ್ನು ನಮೂದಿಸಿ, ಅದು ಕಳವಾದದ್ದೆಂದು ನಿರ್ಬಂಧಿತವಾಗಿದೆಯೇ ಎಂದು ನೋಡಿಕೊಳ್ಳಬಹುದು. ಲ್ಯಾಪ್‌ಟಾಪಿಗೆ ಅಂತಹ ವ್ಯವಸ್ಥೆ ಇಲ್ಲ. ಆ್ಯಪಲ್ 2014ರಿಂದ ಸ್ವಲ್ಪ ಕಾಲ ಫೋನುಗಳಿಗಾಗಿ ಇಂತಹ ಪರಿಶೀಲನೆಯ ಪುಟವೊಂದನ್ನು ಸಾರ್ವಜನಿಕವಾಗಿ ತೆರೆದಿಟ್ಟಿತ್ತು. 2017ರ ಜನವರಿಯಲ್ಲಿ ಅದನ್ನು ಮುಚ್ಚಿತು. ಯಂತ್ರಕ್ಕೆ ಬೀಗವಿದೆಯೇ ಇಲ್ಲವೇ ಎಂದಷ್ಟೇ ಹೇಳಿ, ಯಾರದೆಂದು ಹೇಳದಿದ್ದರೆ ಯಾರ ಗುಟ್ಟೂ ರಟ್ಟಾಗದು. ತಯಾರಕರು ಈ ಉತ್ತರವನ್ನು ಈಗಲೂ ಪ್ರತಿ ಯಂತ್ರಕ್ಕೂ ಕೊಡುತ್ತಲೇ ಇದ್ದಾರೆ, ಯಂತ್ರ ಕೇಳಿದಾಗ. ಅದನ್ನೇ ಮನುಷ್ಯರು ಕೇಳಿದಾಗಲೂ ಕೊಡಲಿ ಎಂಬುದಷ್ಟೇ ಬೇಡಿಕೆ. ಹಾಗೆಯೇ, ನೋಂದಾಯಿತ ನವೀಕರಣಕಾರರು ಕಂಪನಿಯ ಮಾರಾಟದ ಬಿಲ್ಲನ್ನು ಲಗತ್ತಿಸಿ ಅರ್ಜಿ ಕೊಟ್ಟರೆ, ಕಂಪನಿಗೆ ತಿಳಿವಳಿಕೆ ಪತ್ರ ಕಳಿಸಿ, ಮೂವತ್ತು ದಿನದೊಳಗೆ ಆಕ್ಷೇಪಣೆ ಬಾರದಿದ್ದರೆ ತಯಾರಕರೇ ನೋಂದಣಿ ತೆಗೆಯುವಂತಾಗಬೇಕು. ಕಳುವಿನ ದೂರು ಇರುವ ಯಂತ್ರಕ್ಕೆ ಆಕ್ಷೇಪಣೆ ಬಂದೇ ಬರುತ್ತದೆ. ಮುಚ್ಚಿಹೋದ ಕಂಪನಿಯ ಯಂತ್ರಕ್ಕೆ ಬಿಡುಗಡೆ ಸಿಗುತ್ತದೆ. ಬೀಗ ದುರ್ಬಲವಾಗದೆಯೇ ಎರಡೂ ಸಾಧ್ಯ.

ಅಲ್ಲಿಯವರೆಗೆ ಕೊಳ್ಳುವವರೇ ಜಾಗರೂಕರಾಗಬೇಕು. ಅಂಗಡಿಯವರು ತೋರಿಸುವ ಸಿದ್ಧ ಪರದೆಯನ್ನು ನಂಬಬೇಡಿ. ನಿಮ್ಮೆದುರೇ ಯಂತ್ರವನ್ನು ಪೂರ್ತಿ ಅಳಿಸಿ, ವಿಂಡೋಸ್‌ನ ಪ್ರೊ ಆವೃತ್ತಿಯನ್ನು ಹೊಸದಾಗಿ ಆರಂಭಿಸಲು ಹೇಳಿ. ನಿಮ್ಮ ಮೊಬೈಲಿನಿಂದಲೇ ಅಂತರಜಾಲದ ಸಂಪರ್ಕ ಕೊಡಿ. ಮೊದಲ ಸಿದ್ಧತೆಯ ಎಲ್ಲ ಹಂತ ದಾಟಿ ನಿಮ್ಮದೇ ಹೆಸರಿನ ಖಾತೆ ತೆರೆಯುವವರೆಗೂ ಹಣ ಕೊಡಬೇಡಿ. ಮುಕ್ಕಾಲು ಗಂಟೆ ಹಿಡಿಯಬಹುದು, ಅಂಗಡಿಯವರ ಮುಖ ಸಿಂಡರಿಸಲೂಬಹುದು. ಬಿಲ್ಲಿನ ಮೇಲೆ ಸರಣಿ ಸಂಖ್ಯೆಯನ್ನೂ, ‘ಯಾವ ಸಂಸ್ಥೆಯ ನಿರ್ವಹಣೆಯಲ್ಲೂ ಇಲ್ಲ, ಇದ್ದರೆ ಹಣ ವಾಪಸ್’ ಎಂಬ ಒಂದು ಸಾಲನ್ನೂ ಬರೆಸಿಕೊಳ್ಳಿ. ಈ ಲೇಖನ ಓದುವವರಲ್ಲಿ ಕಂಪನಿಗಳ ಐಟಿ ವಿಭಾಗಗಳಲ್ಲಿ ಕೆಲಸ ಮಾಡುವವರೂ ಇದ್ದೀರಿ. ಕಳೆದ ಮೂರು ವರ್ಷಗಳಲ್ಲಿ ನಿಮ್ಮ ಕಚೇರಿ ಮಾರಿದ ಯಂತ್ರಗಳ ಪಟ್ಟಿಯನ್ನೂ ನಿಮ್ಮ ನಿರ್ವಹಣಾ ಪರದೆಯಲ್ಲಿ ಉಳಿದಿರುವ ಹೆಸರುಗಳನ್ನೂ ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಿ.

ಸರ್ಕಾರಿ ಇಲಾಖೆಗಳು, ಸಾರ್ವಜನಿಕ ಉದ್ಯಮಗಳು ತಮ್ಮ ಹಳೆಯ ಸಾಮಾನನ್ನು ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಸಂಸ್ಥೆಯ ಮೂಲಕ ವಿದ್ಯುನ್ಮಾನ ಹರಾಜಿನಲ್ಲಿ ಮಾರುತ್ತವೆ. ಆ ಹರಾಜಿನ ಷರತ್ತು ಪ್ರಸಿದ್ಧವಾದದ್ದು: ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’. ಖಾಸಗಿ ಕಂಪನಿಗಳ ಲಾಟುಗಳೂ ಇದೇ ಮಾತಿನ ಆಸರೆಯಲ್ಲಿ ಕೈದಾಟುತ್ತವೆ. ಗೀಚಿದ ಮೈ, ಸವೆದ ಬ್ಯಾಟರಿ, ಕಿತ್ತುಹೋದ ಕೀಲಿಗಳಿಗೆ ಆ ಷರತ್ತು ಒಪ್ಪುತ್ತದೆ. ಕೊಳ್ಳುವವರು ಅವನ್ನು ಕಣ್ಣಾರೆ ನೋಡಿಯೇ ಬೆಲೆ ಕೂಗುತ್ತಾರೆ. ಸರ್ವರ್‌ನಲ್ಲಿರುವ ಹೆಸರು ಗೋದಾಮಿನಲ್ಲಿ ನಿಂತವರ ಕಣ್ಣಿಗೆ ಕಾಣುವುದಿಲ್ಲ. ಲಾಟಿನಲ್ಲಿರುವ ಪ್ರತಿಯೊಂದು ಯಂತ್ರವನ್ನೂ ನಿರ್ವಹಣಾ ನೋಂದಣಿಯಿಂದ ಬಿಡುಗಡೆ ಮಾಡಲಾಗಿದೆ ಎಂಬ ಘೋಷಣೆಯನ್ನು, ಸರಣಿ ಸಂಖ್ಯೆಗಳ ಪಟ್ಟಿಯೊಡನೆ, ಆ ಷರತ್ತಿನ ಕೆಳಗೆ ಸೇರಿಸುವುದಕ್ಕೆ ಸಂಸತ್ತಿನ ಅಧಿವೇಶನ ಕಾಯಬೇಕಿಲ್ಲ. ಹರಾಜಿನ ಪ್ರಕಟಣೆಯ ಕರಡು ಸಿದ್ಧಪಡಿಸುವ ಅಧಿಕಾರಿಯೇ ಅದನ್ನು ಬರೆಯಬಲ್ಲರು.